ನಮ್ಮ ಚದುರಂಗದ ನಡೆಯೂ ಹೊಡೆತವೂ

ಚದುರಂಗವನ್ನು ಬಲ್ಲವರಿಗೆ ನಮ್ಮ ಕಾಲೇಜಿನಲ್ಲಿ ಬರವಿಲ್ಲ. ವಿರಾಮದ ಕೊಠಡಿಯಲ್ಲಿ ಮಣೆ ಹಾಸಿದರೆ ಆಡುವವರು ಇಬ್ಬರು, ನಡೆ ಹೇಳಿಕೊಡುವವರು ಹತ್ತು ಮಂದಿ. ಆದರೆ ಆಟ ಮೊದಲಿನಿಂದ ಕೊನೆಯವರೆಗೆ ಶಾಂತವಾಗಿ ಸಾಗುವುದು ಮಾತ್ರ ಅಪರೂಪ. “ರಾಜ ಹಾಗೆಲ್ಲ ನೆಗೆಯುವಂತಿಲ್ಲ”, “ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು”, “ಯಾರು ಹೇಳಿದರು ನಿನಗೆ?”, “ಕುದುರೆ ಸಾಲಿನಲ್ಲಿ ಹೋದ ಕಾಲಾಳು ಮಂತ್ರಿಯಾಗುವುದೆಂದರೇನು?” — ಹೀಗೆ ಮಾತಿಗೆ ಮಾತು ಬೆಳೆಯುತ್ತದೆ. ಒಬ್ಬನು ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬನು ರಂಗೋಲಿಯ ಕೆಳಗೆ ತೂರುತ್ತಾನೆ. ಕೊನೆಗೆ ದನಿ ದೊಡ್ಡದಾದವನ ನಿಯಮವೇ ನಿಯಮವಾಗುತ್ತದೆ. ಇಲ್ಲವೆ ಕಾಯಿಗಳನ್ನು ಡಬ್ಬಿಗೆ ಸುರಿದು ಇಬ್ಬರೂ ಎದ್ದುಹೋಗುತ್ತಾರೆ.

ಈ ಜಗಳಗಳನ್ನು ಕೆಲವು ಕಾಲ ಗಮನಿಸಿದ ಮೇಲೆ ನನಗೆ ತೋರಿದ್ದು ಇಷ್ಟು: ಇಲ್ಲಿ ಮೋಸ ಮಾಡುವವರು ವಿರಳ. ಇಬ್ಬರೂ ತಾವು ಕಲಿತದ್ದನ್ನೇ ಪ್ರಾಮಾಣಿಕವಾಗಿ ಹೇಳುತ್ತಿರುತ್ತಾರೆ. ಅವರು ಆಡುತ್ತಿರುವುದು ಒಂದು ಆಟವಲ್ಲ, ಎರಡು. ಒಂದು, ಪುಸ್ತಕದಿಂದಲೋ ತರಬೇತಿಯಿಂದಲೋ ಬಂದ ಅಂತರರಾಷ್ಟ್ರೀಯ ನಿಯಮದ ಚೆಸ್. ಇನ್ನೊಂದು, ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯ ಜಗಲಿಗಳಲ್ಲಿ ಹಿರಿಯರಿಂದ ಕಿರಿಯರಿಗೆ ಬಾಯಿಮಾತಿನಲ್ಲಿ ಬಂದ ನಾಡ ಚದುರಂಗ. ಇದು ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಸಣ್ಣಪುಟ್ಟ ಭೇದಗಳೊಡನೆ ಭಾರತದ ಉದ್ದಗಲಕ್ಕೂ ಹೀಗೆ ಆಡುತ್ತಿದ್ದರು. ಎರಡಕ್ಕೂ ಮಣೆಯ ಅಳತೆ ಒಂದೇ, ಕಾಯಿಗಳ ಲೆಕ್ಕ ಒಂದೇ, ಹೆಚ್ಚುಪಾಲು ನಡೆಗಳೂ ಒಂದೇ. ಆದ್ದರಿಂದಲೇ ವ್ಯತ್ಯಾಸವಿರುವ ಕಡೆ ಅದು ಎದುರಾಳಿಯ ತಪ್ಪಾಗಿ ಕಾಣುತ್ತದೆ. ಈ ಎರಡರ ಎಳೆಗಳನ್ನು ಬಿಡಿಸಿ ತೋರಿಸುವುದು ನನ್ನ ಉದ್ದೇಶ.

ಹೆಸರಿನ ತೊಡಕು

ಮೊದಲ ತೊಡಕು ಹೆಸರಿನದು. ಚದುರಂಗವೆಂಬ ಮಾತು ‘ಚತುರಂಗ’ದಿಂದ ಬಂದಿತೆಂಬುದು ಎಲ್ಲರಿಗೂ ಗೊತ್ತು. ಆನೆ, ಕುದುರೆ, ರಥ, ಕಾಲಾಳು — ಇವು ಸೇನೆಯ ನಾಲ್ಕು ಅಂಗಗಳು. ಆದರೆ ಮಣೆಯ ಮೇಲೆ ಈ ನಾಲ್ಕರಲ್ಲಿ ಯಾವುದು ಎಲ್ಲಿ ನಿಲ್ಲಬೇಕೆಂಬುದರಲ್ಲಿ ಒಮ್ಮತವಿಲ್ಲ. ನಮ್ಮಲ್ಲಿ ಮೂಲೆಯ ಕಾಯಿ ಆನೆ. ರಾಜ ಮಂತ್ರಿಯರ ಪಕ್ಕದ್ದನ್ನು ಕೆಲವರು ಒಂಟೆ ಎಂದರೆ ಕೆಲವರು ರಥ ಎನ್ನುತ್ತಾರೆ. ಬಂಗಾಳದಲ್ಲಿ ಮೂಲೆಯಲ್ಲಿರುವುದು ನೌಕೆ. ನಾವು ಒಂಟೆ ಎನ್ನುವ ಕಾಯಿ ಇಂಗ್ಲಿಷರಿಗೆ ಪಾದ್ರಿ, ಜರ್ಮನರಿಗೆ ಓಟಗಾರ, ಫ್ರೆಂಚರಿಗೆ ವಿದೂಷಕ. ನಮ್ಮ ಮಂತ್ರಿ ಅವರಿಗೆ ರಾಣಿ. ಕಾಲಾಳನ್ನು ಪದಾತಿ ಎನ್ನುವವರೂ ಉಂಟು, ಸಿಪಾಯಿ ಎನ್ನುವವರೂ ಉಂಟು.

ಆಕಾರವನ್ನು ನೋಡಿ ತಿಳಿಯೋಣವೆಂದರೆ ಅದೂ ಸುಲಭವಲ್ಲ. ಚನ್ನಪಟ್ಟಣದ ಕುಶಲಿಗಳು ಆಲೆ ಮರವನ್ನು ಲೇತಿಗೆ ಕೊಟ್ಟು ಕಡೆದು, ತಿರುಗುತ್ತಿರುವ ಮರಕ್ಕೆ ಅರಗಿನ ಬಣ್ಣವನ್ನು ಒತ್ತಿ ಹಿಡಿದು ಹೊಳಪು ಬರಿಸುತ್ತಾರೆ. ತಿರುಗುವ ಮರದಿಂದ ಬರುವ ಆಕಾರವೆಲ್ಲ ದುಂಡಗೆ. ಕುದುರೆಯ ಮುಖ ಬೇಕಾದರೆ ಉಳಿ ಹಿಡಿದು ಬೇರೆಯಾಗಿ ಕೆತ್ತಬೇಕು. ಹಾಗೆ ಕೆತ್ತದಿದ್ದಲ್ಲಿ ಕಾಯಿಯ ಗುರುತೆಲ್ಲ ಅದರ ಎತ್ತರ, ಕೊರಳಿನ ಬಳೆ, ತಲೆಯ ಗುಂಡು — ಇಷ್ಟರಲ್ಲೇ ಅಡಗಿರುತ್ತದೆ. ಹೊಸಬನಿಗೆ ಆನೆಯೂ ಒಂಟೆಯೂ ಒಂದೇ ತಾಯಿಯ ಮಕ್ಕಳಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಹೆಸರನ್ನೂ ಆಕಾರವನ್ನೂ ನೆಚ್ಚಬಾರದು. ಕಾಯಿಯೆಂದರೆ ಅದರ ನಡೆ. ಅದು ಎಲ್ಲಿಂದ ಎಲ್ಲಿಗೆ ಹೋಗಬಲ್ಲದು, ಯಾರನ್ನು ಹೊಡೆಯಬಲ್ಲದು ಎಂಬುದೇ ಅದರ ಕುಲಗೋತ್ರ. ಈ ಲೇಖನದಲ್ಲಿ ಮೂಲೆಯದನ್ನು ಆನೆಯೆಂದೂ ಕುದುರೆಯ ಪಕ್ಕದ್ದನ್ನು ಒಂಟೆಯೆಂದೂ ಕರೆಯುತ್ತೇನೆ. ಎದುರಾಳಿಯ ಕಡೆಗೆ ಹೋಗುವ ಸಾಲು ಉದ್ದಸಾಲು. ಎಡದಿಂದ ಬಲಕ್ಕೆ ಹೋಗುವುದು ಅಡ್ಡಸಾಲು.

ಇಬ್ಬರೂ ಒಪ್ಪುವ ನಡೆಗಳು

ಆನೆ ಉದ್ದಸಾಲಿನಲ್ಲೂ ಅಡ್ಡಸಾಲಿನಲ್ಲೂ ದಾರಿ ಬರಿದಾಗಿರುವಷ್ಟು ದೂರ ಹೋಗುತ್ತದೆ. ಮಣೆಯಲ್ಲಿ ಬೇರೆ ಕಾಯಿಗಳೇ ಇಲ್ಲವೆಂದುಕೊಂಡರೆ ಆನೆ ಎಲ್ಲಿ ನಿಂತರೂ ಅದಕ್ಕೆ ಹೋಗಲು ೧೪ ಮನೆಗಳಿವೆ. ಮೂಲೆಯಾಗಲಿ ನಡುಮಣೆಯಾಗಲಿ ಈ ಲೆಕ್ಕ ಬದಲಾಗದು. ಒಂಟೆ ಓರೆಯಾಗಿ ಹೋಗುತ್ತದೆ. ಅಂಚಿನಲ್ಲಿ ನಿಂತರೆ ಅದಕ್ಕೆ ೭ ಮನೆ, ನಡುವೆ ನಿಂತರೆ ೧೩. ಮಂತ್ರಿಗೆ ಆನೆಯ ನಡೆಯೂ ಉಂಟು, ಒಂಟೆಯ ನಡೆಯೂ ಉಂಟು. ಅಂಚಿನಲ್ಲಿ ೨೧, ನಡುವೆ ೨೭. ರಾಜನದು ಎಂಟು ದಿಕ್ಕಿಗೂ ಒಂದೊಂದೇ ಹೆಜ್ಜೆ. ಮೂಲೆಗೆ ಸಿಕ್ಕಿಕೊಂಡರೆ ಉಳಿಯುವುದು ಮೂರೇ ಮನೆ.

ಕುದುರೆ ಎರಡು ಮನೆ ನೇರಕ್ಕೆ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತದೆ. ನಡುವೆ ಎಷ್ಟು ಕಾಯಿಗಳಿದ್ದರೂ ಅದಕ್ಕೆ ಅಡ್ಡಿಯಿಲ್ಲ. ನಡುಮಣೆಯಲ್ಲಿ ಅದಕ್ಕೆ ೮ ಮನೆ, ಮೂಲೆಯಲ್ಲಿ ೨. ಈ ವಿಚಿತ್ರ ನಡೆ ನಮ್ಮವರನ್ನು ಹಿಂದಿನಿಂದಲೂ ಸೆಳೆದಿದೆ. ೯ನೆಯ ಶತಮಾನದ ಆಲಂಕಾರಿಕ ರುದ್ರಟನು ಕುದುರೆಯ ಹೆಜ್ಜೆಯಂತೆ ಅಕ್ಷರಗಳನ್ನು ಓದುವ ಚಿತ್ರಪದ್ಯವನ್ನು ‘ಕಾವ್ಯಾಲಂಕಾರ’ದಲ್ಲಿ ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಕುದುರೆಯನ್ನು ೬೪ ಮನೆಗಳಿಗೂ ಒಂದೊಂದೇ ಸಲ ಮುಟ್ಟಿಸಿ ಸುತ್ತಿಸುವ ಲೆಕ್ಕಗಳಲ್ಲಿ ಮಗ್ನರಾಗಿದ್ದವರು. ಮಣೆಯಾಟಗಳನ್ನು ಸ್ವತಃ ಕಲ್ಪಿಸಿದವರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳ ಮಣೆಗಳನ್ನು ಬಿಡಿಸಿದ್ದಾರೆ. ನಮ್ಮ ನಾಲ್ಕು ತಾಲ್ಲೂಕುಗಳ ಸೀಮೆಯೂ ಅಂದು ಅವರ ರಾಜ್ಯಕ್ಕೆ ಸೇರಿತ್ತು.

ನಡೆ ಬೇರೆ, ಹೊಡೆತ ಬೇರೆ

ನಮ್ಮ ಊರುಗಳಲ್ಲಿ ಮಕ್ಕಳು ಚದುರಂಗಕ್ಕಿಂತ ಮೊದಲು ಕಲಿಯುವುದು ಆಡು-ಹುಲಿ ಆಟವನ್ನು. ದೇವಸ್ಥಾನದ ಮಂಟಪದ ಚಪ್ಪಡಿಯಲ್ಲೋ ಸಿಮೆಂಟಿನ ಜಗಲಿಯಲ್ಲೋ ಗೆರೆ ಎಳೆದು, ಹುಣಿಸೆಬೀಜವನ್ನು ಆಡುಗಳಾಗಿ ಕಲ್ಲಿನ ಚೂರನ್ನು ಹುಲಿಯಾಗಿ ಇಟ್ಟುಕೊಂಡರೆ ಆಯಿತು. ಅಲ್ಲಿ ಹೊಡೆತದ ರೀತಿ ಬೇರೆ. ಹುಲಿ ಆಡಿನ ಮೇಲಿಂದ ಹಾರಿ ಆಚೆಯ ಬರಿದಾದ ಮನೆಯಲ್ಲಿ ಕುಳಿತರೆ ನಡುವಿನ ಆಡು ಸತ್ತಂತೆ. ಆಡಿಗೆ ಹೊಡೆಯುವ ಹಕ್ಕೇ ಇಲ್ಲ. ಹುಲಿಯನ್ನು ಸುತ್ತುಗಟ್ಟಿ ನಡೆಯಿಲ್ಲದಂತೆ ಮಾಡುವುದಷ್ಟೇ ಅದರ ಬಲ.

ಈ ಆಟದಲ್ಲಿ ಪಳಗಿದವನು ಚದುರಂಗಕ್ಕೆ ಬಂದಾಗ ಕೇಳುವ ಮೊದಲ ಪ್ರಶ್ನೆ, “ಕುದುರೆ ಹಾರಿತಲ್ಲ, ನಡುವಿನ ಕಾಯಿ ಸತ್ತಿತೆ?” ಎಂಬುದು. ಇಲ್ಲ. ಚದುರಂಗದಲ್ಲಿ ಹಾರಿದ್ದರಿಂದ ಯಾರೂ ಸಾಯುವುದಿಲ್ಲ. ಕಾಯಿ ಯಾವ ಮನೆಗೆ ಹೋಗಿ ಕೂರುತ್ತದೆಯೋ ಆ ಮನೆಯಲ್ಲಿದ್ದ ಶತ್ರುವನ್ನು ಮಾತ್ರ ಎತ್ತಿ ಹೊರಗಿಡಬೇಕು. ಹೊಡೆಯಲೇಬೇಕೆಂಬ ಕಡ್ಡಾಯವೂ ಇಲ್ಲ. ಎದುರಿಗೆ ಬಿಟ್ಟಿ ಆನೆ ಸಿಕ್ಕರೂ ಬಿಡುವ ಸ್ವಾತಂತ್ರ್ಯ ಆಟಗಾರನಿಗಿದೆ. ಆದರೆ ರಾಜನಿಗೆ ಷಾ ಬಿದ್ದು, ಆ ಕಾಯಿಯನ್ನು ಹೊಡೆಯುವುದೊಂದೇ ದಾರಿ ಉಳಿದಿದ್ದರೆ ಹೊಡೆಯಲೇಬೇಕು.

ರಾಜ, ಮಂತ್ರಿ, ಆನೆ, ಒಂಟೆ, ಕುದುರೆ — ಈ ಐದಕ್ಕೂ ನಡೆಯುವ ದಾರಿಯೇ ಹೊಡೆಯುವ ದಾರಿ. ಕಾಲಾಳೊಂದೇ ಇದಕ್ಕೆ ಹೊರತು. ಅದು ನಡೆಯುವುದು ನೇರಕ್ಕೆ, ಹೊಡೆಯುವುದು ಓರೆಗೆ, ಮುಂದಿನ ಎಡ ಅಥವಾ ಬಲ ಮನೆಗೆ. ಎದುರಿಗೆ ನೇರವಾಗಿ ನಿಂತವನನ್ನು ಅದು ಏನೂ ಮಾಡಲಾರದು. ಓರೆಯ ಮನೆ ಬರಿದಾಗಿದ್ದರೆ ಅಲ್ಲಿಗೆ ಕಾಲಿಡಲೂ ಆರದು. ಹಿಂದಿರುಗುವ ಹಕ್ಕಂತೂ ಇಲ್ಲವೇ ಇಲ್ಲ. ಎರಡು ಕಾಲಾಳುಗಳು ಮುಖಾಮುಖಿ ನಿಂತು ಇಡೀ ಆಟ ಒಂದನ್ನೊಂದು ನೋಡಿಕೊಂಡೇ ಇರಬಹುದು.

ಷಾ ಬಿದ್ದಾಗ ಬಿಡಿಸಿಕೊಳ್ಳಲು ಮೂರು ದಾರಿ: ರಾಜನನ್ನು ಸರಿಸುವುದು, ಷಾ ಕೊಟ್ಟ ಕಾಯಿಯನ್ನು ಹೊಡೆಯುವುದು, ನಡುವೆ ಒಂದು ಕಾಯಿಯನ್ನು ಅಡ್ಡ ತರುವುದು. ಕುದುರೆಯ ಷಾಕ್ಕೆ ಮೂರನೆಯ ದಾರಿ ಇಲ್ಲ, ಏಕೆಂದರೆ ಅದಕ್ಕೆ ಅಡ್ಡವೆಂಬುದೇ ಇಲ್ಲ. ಮೂರೂ ಮುಚ್ಚಿದ್ದರೆ ಮಾತ್.

ಇಲ್ಲಿ ಮತ್ತೊಂದು ಸಂದೇಹ ಮತ್ತೆ ಮತ್ತೆ ಏಳುತ್ತದೆ. ನನ್ನ ಒಂಟೆ ನನ್ನ ರಾಜನಿಗೆ ಮರೆಯಾಗಿ ನಿಂತಿದೆ. ಅದು ಸರಿದರೆ ರಾಜನಿಗೆ ಷಾ. ಹೀಗೆ ಕಟ್ಟುಬಿದ್ದ ಒಂಟೆಯ ದಾರಿಯಲ್ಲಿ ಎದುರಾಳಿಯ ರಾಜ ಬಂದು ನಿಲ್ಲಬಹುದೆ? “ಆ ಒಂಟೆ ಅಲುಗಾಡುವಂತಿಲ್ಲವಲ್ಲ, ಹೆದರಿಕೆ ಏಕೆ?” ಎಂದು ವಾದಿಸುವವರಿದ್ದಾರೆ. ನಿಲ್ಲುವಂತಿಲ್ಲ. ಕಟ್ಟುಬಿದ್ದ ಕಾಯಿಯೂ ತನ್ನ ದಾರಿಯ ಮನೆಗಳನ್ನು ಕಾಯುತ್ತಲೇ ಇರುತ್ತದೆ. ಎರಡು ರಾಜರು ಪಕ್ಕಪಕ್ಕದ ಮನೆಗಳಲ್ಲಿ ನಿಲ್ಲಬಾರದೆಂಬುದೂ ಇದೇ ಜಾತಿಯ ನಿಯಮ.

ನಾಡ ಚದುರಂಗ ಎಲ್ಲಿ ಬೇರೆಯಾಗುತ್ತದೆ?

ಇಲ್ಲಿಯವರೆಗಿನದು ಇಬ್ಬರಿಗೂ ಸಮ್ಮತ. ಇನ್ನು ಜಗಳದ ಜಾಗಗಳಿಗೆ ಬರೋಣ.

ಮೊದಲನೆಯದು ಕಾಯಿ ಹೂಡುವ ಬಗೆ. ಹಳೆಯ ಮಣೆಗೆ ಕಪ್ಪು ಬಿಳುಪಿನ ಭೇದವಿಲ್ಲ. ಎಲ್ಲ ಮನೆಗಳೂ ಒಂದೇ ಬಣ್ಣ, ಕೆಲವು ಮನೆಗಳಲ್ಲಿ ಮಾತ್ರ ಗುಣಾಕಾರದ ಗುರುತು. ಅಂತರರಾಷ್ಟ್ರೀಯ ನಿಯಮದಲ್ಲಿ ರಾಜನ ಎದುರಿಗೆ ರಾಜ, ಮಂತ್ರಿಯ ಎದುರಿಗೆ ಮಂತ್ರಿ. ನಾಡ ಚದುರಂಗದಲ್ಲಿ ರಾಜನ ಎದುರಿಗೆ ಮಂತ್ರಿ. ಇಬ್ಬರೂ ತಂತಮ್ಮ ರಾಜನನ್ನು ಮಂತ್ರಿಯ ಬಲಕ್ಕೆ ಇಟ್ಟರೆ ತಾನಾಗಿಯೇ ಹೀಗಾಗುತ್ತದೆ. ಬಣ್ಣವಿಲ್ಲದ ಮಣೆಗೆ ಇದಕ್ಕಿಂತ ಸರಳವಾದ ನಿಯಮ ಬೇರೆ ಬೇಕಿಲ್ಲ. ಇಬ್ಬರಿಗೂ ಒಂದೇ ಸೂತ್ರ.

ಎರಡನೆಯದು ಕಾಲಾಳಿನ ಮೊದಲ ಹೆಜ್ಜೆ. ನಾಡ ಚದುರಂಗದಲ್ಲಿ ಕಾಲಾಳು ಮೊದಲಿನಿಂದಲೂ ಒಂದೊಂದೇ ಮನೆ ನಡೆಯುವುದು ಸಾಮಾನ್ಯ. ಕೆಲವೆಡೆ ಕೆಲವು ಕಾಲಾಳುಗಳಿಗೆ ಮಾತ್ರ ಎರಡು ಮನೆಯ ಅನುಮತಿ ಉಂಟು. ಅಂತರರಾಷ್ಟ್ರೀಯ ಚೆಸ್ಸಿನಲ್ಲಿ ಪ್ರತಿಯೊಂದು ಕಾಲಾಳೂ ಮೊದಲ ಸಲ ಎರಡು ಮನೆ ಹೋಗಬಹುದು. ಈ ಅನುಮತಿ ಕೊಟ್ಟೊಡನೆ ಒಂದು ಅನ್ಯಾಯ ಹುಟ್ಟಿಕೊಂಡಿತು. ಒಂದೊಂದೇ ಹೆಜ್ಜೆ ಇಟ್ಟಿದ್ದರೆ ಎದುರಾಳಿಯ ಕಾಲಾಳಿನ ಹೊಡೆತಕ್ಕೆ ಸಿಕ್ಕಬೇಕಾದವನು ಎರಡು ಹೆಜ್ಜೆ ಹಾಕಿ ಅದರ ಪಕ್ಕದಿಂದ ತಪ್ಪಿಸಿಕೊಂಡುಬಿಡುತ್ತಾನೆ. ಅದನ್ನು ಸರಿಪಡಿಸಲು ಇನ್ನೊಂದು ನಿಯಮ ಬೇಕಾಯಿತು: ಹಾಗೆ ಪಕ್ಕಕ್ಕೆ ಬಂದು ನಿಂತ ಕಾಲಾಳನ್ನು, ಅದು ಒಂದೇ ಮನೆ ನಡೆದಿದ್ದರೆ ಹೇಗೋ ಹಾಗೆ, ಮರುನಡೆಯಲ್ಲಿಯೇ ಓರೆಗೆ ಹೋಗಿ ಹೊಡೆಯಬಹುದು, ಒಂದು ನಡೆ ತಡೆದರೆ ಆ ಹಕ್ಕು ಹೋಯಿತು. ಇದಕ್ಕೆ ಅವರು ‘ಆಂ ಪಾಸಾಂ’ ಎನ್ನುತ್ತಾರೆ. ಚದುರಂಗದಲ್ಲಿ ಹೊಡೆದ ಕಾಯಿ ಹೊಡೆಸಿಕೊಂಡದ್ದರ ಮನೆಯಲ್ಲಿ ಕೂರದಿರುವುದು ಇದೊಂದೇ ಸಂದರ್ಭದಲ್ಲಿ. ಎರಡು ಮನೆಯ ನಡೆ ಇಲ್ಲದ ಕಡೆ ಈ ಕಟ್ಟಳೆಗೆ ಕೆಲಸವೇ ಇಲ್ಲ. ಹಳ್ಳಿಯ ಹಿರಿಯರು ಇದನ್ನು ಕೇಳಿ ನಗುವುದು ಅಜ್ಞಾನದಿಂದಲ್ಲ. ಅವರ ಆಟದಲ್ಲಿ ಆ ಕಾಯಿಲೆಯೇ ಇಲ್ಲದ್ದರಿಂದ ಔಷಧವೂ ಬೇಕಾಗಿಲ್ಲ.

ಮೂರನೆಯದು ರಾಜನ ನೆಗೆತ. ಎಲ್ಲಕ್ಕಿಂತ ಹೆಚ್ಚು ಗಲಾಟೆಯಾಗುವುದು ಇಲ್ಲಿ. ಅಂತರರಾಷ್ಟ್ರೀಯ ಚೆಸ್ಸಿನಲ್ಲಿ ಕ್ಯಾಸ್ಲಿಂಗ್ ಉಂಟು. ರಾಜನೂ ಆನೆಯೂ ಆ ತನಕ ಅಲುಗಾಡಿರದಿದ್ದರೆ, ನಡುವಿನ ಮನೆಗಳು ಬರಿದಾಗಿದ್ದರೆ, ರಾಜನು ಆನೆಯ ಕಡೆಗೆ ಎರಡು ಮನೆ ಸರಿದು ಆನೆ ಅವನನ್ನು ದಾಟಿ ಆಚೆ ಬದಿಗೆ ಬರುತ್ತದೆ. ಷಾ ಬಿದ್ದಿರುವಾಗ ಇದನ್ನು ಮಾಡುವಂತಿಲ್ಲ. ರಾಜನು ದಾಟುವ ಮನೆಯಾಗಲಿ ಸೇರುವ ಮನೆಯಾಗಲಿ ಶತ್ರುವಿನ ಹೊಡೆತದಲ್ಲಿರಕೂಡದು. ನಾಡ ಚದುರಂಗದಲ್ಲಿ ಇದಾವುದೂ ಇಲ್ಲ. ಅದರ ಬದಲು ರಾಜನಿಗೆ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ನೆಗೆಯುವ ಹಕ್ಕಿದೆ. ಈ ವಿಷಯ ಕೇಳಿದಾಗ ಕನಕಪುರದ ಕಡೆಯ ಹಿರಿಯರೊಬ್ಬರು ನನಗೆ ಎರಡೇ ಮಾತಿನಲ್ಲಿ ಹೇಳಿದರು: “ರಾಜ ಒಂದೇ ಒಂದ್ ಸತಿ ಕುದ್ರೆ ಹತ್ಬೋದು ಕಣಪ್ಪ. ಅಷ್ಟರೊಳಗೆ ಷಾ ಬಿತ್ತು ಅಂದ್ರೆ ಕುದ್ರೆ ಹೋಯ್ತು, ಆಮೇಲೆ ನಡ್ಕೊಂಡೇ ಸಾಯ್ಬೇಕು.”

ಈ ನೆಗೆತ ನೋಡಲು ವಿಚಿತ್ರವಾದರೂ ಇದರ ಕೆಲಸ ಕ್ಯಾಸ್ಲಿಂಗಿನದೇ. ಮಣೆಯನ್ನು ಮುಂದಿಟ್ಟುಕೊಂಡು ಓದುವವರು ಹೀಗೆ ಮಾಡಿ ನೋಡಬಹುದು. ಬಲಗಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಮುಂದೆ ಸರಿಸಿರಿ. ಆಗ ಆ ಕಾಲಾಳು ಮೊದಲಿದ್ದ ಮನೆ ಬರಿದಾಗುತ್ತದೆ. ಬಲ ಮೂಲೆಯಿಂದ ನಾಲ್ಕನೆಯ ಮನೆಯಲ್ಲಿರುವ ರಾಜನಿಗೆ ಅದು ಎರಡು ಮನೆ ಬಲಕ್ಕೆ, ಒಂದು ಮನೆ ಮುಂದಕ್ಕೆ. ಅಂದರೆ ಸರಿಯಾಗಿ ಕುದುರೆಯ ಒಂದು ನೆಗೆತ. ಅಲ್ಲಿಗೆ ಹೋದ ರಾಜನಿಗೆ ಎದುರಿಗೂ ಬಲಕ್ಕೂ ಎಡಕ್ಕೂ ತನ್ನವೇ ಕಾಲಾಳುಗಳು, ಹಿಂದೆ ಕುದುರೆ ಮತ್ತು ಆನೆ. ಅವರು ಎರಡು ಕಾಯಿಗಳನ್ನು ಒಟ್ಟಿಗೆ ಸರಿಸಿ ಕಟ್ಟುವ ಕೋಟೆಯನ್ನು ನಮ್ಮವರು ಒಂದು ಕಾಲಾಳಿನ ಹೆಜ್ಜೆ, ಒಂದು ರಾಜನ ನೆಗೆತ, ಇಷ್ಟರಲ್ಲಿ ಕಟ್ಟುತ್ತಾರೆ. ಷಾ ಬಿದ್ದರೆ ಹಕ್ಕು ಹೋಗುತ್ತದೆಂಬ ಕಟ್ಟಳೆಯಿಂದಾಗಿ ಆಟದ ಆರಂಭದಲ್ಲೇ ಒಂದು ಬಿರುಸು ಬರುತ್ತದೆ: ಎದುರಾಳಿ ಹೇಗಾದರೂ ಒಂದು ಷಾ ಹಾಕಿ ರಾಜನನ್ನು ಕುದುರೆಯಿಂದ ಇಳಿಸಲು ನೋಡುತ್ತಾನೆ.

ನಾಲ್ಕನೆಯದು ಕಾಲಾಳಿನ ಬಡ್ತಿ. ಅಂತರರಾಷ್ಟ್ರೀಯ ನಿಯಮದಲ್ಲಿ ಕೊನೆಯ ಅಡ್ಡಸಾಲು ಮುಟ್ಟಿದ ಕಾಲಾಳು ಆಟಗಾರ ಬಯಸಿದಂತೆ ಮಂತ್ರಿ, ಆನೆ, ಒಂಟೆ, ಕುದುರೆಗಳಲ್ಲಿ ಯಾವುದಾದರೂ ಆಗಬಹುದು. ಹಳೆಯ ಮಂತ್ರಿ ಬದುಕಿದ್ದರೂ ಚಿಂತೆಯಿಲ್ಲ; ಒಬ್ಬನಿಗೆ ಎರಡು ಮೂರು ಮಂತ್ರಿಗಳಿರಬಹುದು. ನಾಡ ಚದುರಂಗದಲ್ಲಿ ಕಾಲಾಳು ಯಾವ ಸಾಲಿನಲ್ಲಿ ಕೊನೆ ಮುಟ್ಟುತ್ತದೆಯೋ ಆ ಸಾಲಿನ ಯಜಮಾನನಾಗುತ್ತದೆ. ಆನೆಯ ಸಾಲಿನಲ್ಲಿ ಆನೆ, ಕುದುರೆಯ ಸಾಲಿನಲ್ಲಿ ಕುದುರೆ, ಒಂಟೆಯ ಸಾಲಿನಲ್ಲಿ ಒಂಟೆ. ರಾಜ ಮಂತ್ರಿಯರ ಸಾಲುಗಳಲ್ಲಿ ಮಂತ್ರಿ. ಕುದುರೆಯಾದವನಿಗೆ ಕೂಡಲೇ ಒಂದು ನೆಗೆತದ ಇನಾಮು ಕೊಡುವ ರೂಢಿ ಕೆಲವೆಡೆ ಉಂಟು. ಆ ಜಾತಿಯ ಕಾಯಿ ಮೊದಲೇ ಸತ್ತಿದ್ದರೆ ಮಾತ್ರ ಬಡ್ತಿ, ಇಲ್ಲದಿದ್ದರೆ ಕಾಲಾಳು ಕೊನೆಯ ಮನೆಯ ಹೊಸಿಲಿನಲ್ಲೇ ಕಾಯಬೇಕು ಎಂಬ ರೂಢಿಯೂ ಉಂಟು. ಈ ನಿಯಮದ ಫಲವೇನೆಂದರೆ ಎಲ್ಲ ಕಾಲಾಳುಗಳಿಗೂ ಒಂದೇ ಬೆಲೆಯಲ್ಲ. ನಡುವಿನ ಎರಡು ಸಾಲುಗಳ ಕಾಲಾಳುಗಳು ಮುಂದೆ ಮಂತ್ರಿಯಾಗುವ ಮಕ್ಕಳು; ಅಂಚಿನ ಕಾಲಾಳು ಓರೆಗೆ ಹೊಡೆಯುತ್ತ ಹೊಡೆಯುತ್ತ ನಡುವಿಗೆ ಬರಲು ಹವಣಿಸುತ್ತದೆ. ಹೊಡೆತಕ್ಕೆ ಇಲ್ಲಿ ಇನ್ನೊಂದು ಅರ್ಥವೇ ಬರುತ್ತದೆ: ಅದು ಶತ್ರುವನ್ನು ಕಳೆಯುವುದು ಮಾತ್ರವಲ್ಲ, ಸಾಲು ಬದಲಿಸುವ ದಾರಿಯೂ ಹೌದು.

ಐದನೆಯದು ಆಟದ ಕೊನೆ. ಷಾ ಬಿದ್ದಿಲ್ಲ, ಆದರೆ ನಡೆಯಲು ಒಂದು ಮನೆಯೂ ಇಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಇದು ಸ್ಟೇಲ್‌ಮೇಟ್, ಇಬ್ಬರಿಗೂ ಸಮ. ನಮ್ಮಲ್ಲಿ ಇದರ ತೀರ್ಪು ಊರಿಂದೂರಿಗೆ ಬದಲಾಗುತ್ತದೆ. ಹಾಗೆ ಸಿಕ್ಕಿಸುವುದೇ ಕೂಡದು, ಬೇರೆ ನಡೆ ಹುಡುಕು ಎಂದು ಹೇಳುವವರೂ ಇದ್ದಾರೆ. ಹಾಗೆಯೇ ಒಬ್ಬನ ಕಾಯಿಗಳೆಲ್ಲ ಹೋಗಿ ಒಂಟಿ ರಾಜ ಉಳಿದರೆ, ನಾಡ ಚದುರಂಗದಲ್ಲಿ ಆಟ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಸಮವೆಂದು ಎಣಿಸುವುದುಂಟು, ಅರ್ಧ ಗೆಲವೆಂದು ಎಣಿಸುವುದೂ ಉಂಟು. ಆದ್ದರಿಂದ ಅಲ್ಲಿ ಗೆಲ್ಲಬೇಕಾದವನು ಎದುರಾಳಿಯ ಕಾಯಿಗಳನ್ನೆಲ್ಲ ಬಾಚಿಕೊಳ್ಳುವಂತಿಲ್ಲ. ಒಂದೆರಡನ್ನು ಉಳಿಸಿ, ಅವು ಇದ್ದಂತೆಯೇ ಮಾತ್ ಮಾಡಬೇಕು. ಹೊಡೆಯಲು ಕಲಿತಷ್ಟೇ ಹೊಡೆಯದಿರಲೂ ಕಲಿಯಬೇಕಾದ ಆಟ ಅದು. ಕಾಲಾಳಿನಿಂದ ಮಾತ್ ಮಾಡಿದವನಿಗೆ ವಿಶೇಷ ಮರ್ಯಾದೆ.

ಹಾಗಾದರೆ ಯಾವುದು ಸರಿ?

ಈ ಪ್ರಶ್ನೆ ನನಗೆ ಬರಿಯ ಕುತೂಹಲದ್ದಲ್ಲ. ಮಾಗಡಿಯ ಕಡೆಯ ಹಳ್ಳಿಯಿಂದ ಬಂದ ನನ್ನ ಸಹಪಾಠಿಯೊಬ್ಬ ಮೊದಲ ವರ್ಷ ಬಹಳ ಉತ್ಸಾಹದಿಂದ ಮಣೆಗೆ ಬರುತ್ತಿದ್ದ. ಒಂದು ಸಂಜೆ ಅವನ ರಾಜ ಕುದುರೆಯಂತೆ ನೆಗೆದದ್ದನ್ನು ಕಂಡು ಸುತ್ತ ನಿಂತವರೆಲ್ಲ ನಕ್ಕುಬಿಟ್ಟರು. “ಇವನಿಗೆ ಆಟವೇ ಗೊತ್ತಿಲ್ಲ” ಎಂದು ಯಾರೋ ಅಂದರು. ಮರುದಿನದಿಂದ ಅವನು ಮಣೆಯ ಹತ್ತಿರ ಸುಳಿಯಲಿಲ್ಲ. ಏಕೆಂದು ಕೇಳಿದರೆ, “ನಂಗೆ ಗೊತ್ತಿಲ್ಲ ಅಂದಿದ್ರೆ ಪರವಾಗಿರ್ಲಿಲ್ಲ ಕಣೋ. ಕಲ್ಸಿದ್ದು ನಮ್ಮ ತಾತ. ತಾತಂಗೇ ಗೊತ್ತಿಲ್ಲ ಅಂದಂಗಾಯ್ತಲ್ಲ” ಎಂದ. ಈ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ತಾತನಿಗೆ ಗೊತ್ತಿತ್ತೆ, ಇಲ್ಲವೆ? ಅದನ್ನು ತಿಳಿಯಲೆಂದೇ ನಾನು ರಜೆಗಳಲ್ಲಿ ಹಿರಿಯರನ್ನು ಕೇಳಿದೆ, ಪುಸ್ತಕಗಳನ್ನು ತಿರುವಿದೆ.

ಪುಸ್ತಕಗಳು ಹೇಳುವುದೇನೆಂದರೆ, ಚದುರಂಗಕ್ಕೆ ಎಂದೆಂದಿಗೂ ಬದಲಾಗದ ಒಂದು ಮೂಲ ನಿಯಮವೇ ಇಲ್ಲ. ಸುಮಾರು ೧೦೩೦ರಲ್ಲಿ ಭಾರತದ ವಿಷಯ ಬರೆದ ಅಲ್ ಬಿರೂನಿ ಇಲ್ಲಿಯ ಆನೆ ಮುಂದಕ್ಕೆ ಒಂದು ಮನೆ, ನಾಲ್ಕು ಓರೆಗಳಿಗೆ ಒಂದೊಂದು ಮನೆ ನಡೆಯುತ್ತಿತ್ತೆಂದು ಹೇಳುತ್ತಾನೆ. ಅವು ಆನೆಯ ಸೊಂಡಿಲು ಮತ್ತು ನಾಲ್ಕು ಕಾಲುಗಳಂತೆ. ಅರಬರ ಆಟದಲ್ಲಿ ಅದೇ ಆನೆ ಓರೆಯಾಗಿ ಎರಡನೆಯ ಮನೆಗೆ ನೆಗೆಯುತ್ತಿತ್ತು. ಹಾಗೆ ನೆಗೆಯುವ ಕಾಯಿ ಜೀವಮಾನವೆಲ್ಲ ಸುತ್ತಿದರೂ ೬೪ರಲ್ಲಿ ೮ ಮನೆಗಳನ್ನು ಮಾತ್ರ ಕಾಣಬಲ್ಲದು. ಅಂದಿನ ಮಂತ್ರಿಗೆ ಓರೆಯಾಗಿ ಒಂದೇ ಹೆಜ್ಜೆ. ಇಂದಿನ ಬಲಶಾಲಿ ಮಂತ್ರಿಯೂ ದೂರ ಓಡುವ ಒಂಟೆಯೂ ೧೫ನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ಬಂದವು. ನಮ್ಮ ನಾಡಿನಲ್ಲಿಯೇ ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಚದುರಂಗಕ್ಕೂ ಸ್ಥಾನ ದೊರ‍ೆತಿದೆ. ಲೋಕಕ್ಕೆಲ್ಲ ಒಂದೇ ನಿಯಮ ಬೇಕೆಂಬ ಪ್ರಯತ್ನಕ್ಕೆ ಬಲ ಬಂದದ್ದು ೧೯೨೪ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ ಸ್ಥಾಪಿತವಾದ ಮೇಲೆ. ದೇಶದೇಶಗಳವರು ಎದುರುಬದುರು ಕೂರಬೇಕಾದರೆ ಒಂದು ಒಪ್ಪಂದ ಬೇಕು. ಫಿಡೆಯ ನಿಯಮ ಆ ಒಪ್ಪಂದ. ಅದನ್ನು ಗೌರವಿಸಬೇಕು. ಆದರೆ ಅದನ್ನು ಹಿಡಿದು ಜಗಲಿಯ ಆಟವನ್ನು ತಪ್ಪೆನ್ನಲು ಬರುವುದಿಲ್ಲ. ರಾಜನ ನೆಗೆತ, ಒಂದೇ ಹೆಜ್ಜೆಯ ಕಾಲಾಳು, ಸಾಲಿಗೆ ತಕ್ಕ ಬಡ್ತಿ — ಇವು ಒಂದಕ್ಕೊಂದು ಹೆಣೆದುಕೊಂಡ ಪೂರ್ಣ ನಿಯಮಗಳು. ಒಂದನ್ನು ಕಿತ್ತು ಇನ್ನೊಂದರಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ.

ನಾಡ ಚದುರಂಗ ಕಲಿತವನ ಬುದ್ಧಿ ಕಡಮೆಯೆಂದು ತಿಳಿದವರಿಗೆ ಮೀರ್ ಸುಲ್ತಾನ್ ಖಾನರ ಕಥೆಯೊಂದೇ ಸಾಕು. ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿ ಬಾಲ್ಯದಲ್ಲಿ ಕಲಿತದ್ದು ನಾಡ ಚದುರಂಗವನ್ನೇ. ಯೂರೋಪಿನ ನಿಯಮ ಕಲಿತದ್ದು ದೊಡ್ಡವರಾದ ಮೇಲೆ. ೧೯೨೯ರಲ್ಲಿ ಇಂಗ್ಲೆಂಡಿಗೆ ಹೋದವರು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು; ೧೯೩೨ ಮತ್ತು ೧೯೩೩ರಲ್ಲಿ ಮತ್ತೆ ಗೆದ್ದರು. ೧೯೩೦–೩೧ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕರನ್ನು ಸೋಲಿಸಿದರು. ಅವರು ತೀರಿಕೊಂಡದ್ದು ೧೯೬೬ರಲ್ಲಿ. ೨೦೨೪ರಲ್ಲಿ ಫಿಡೆ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿತು. ಹಳೆಯ ಆಟ ಅವರಿಗೆ ತಡೆಯಾಗಲಿಲ್ಲ. ಆದರೆ ಹೊಸದನ್ನು ಬೇರೆಯಾಗಿ ಕುಳಿತು ಕಲಿತರೆಂಬುದನ್ನೂ ಮರೆಯಬಾರದು.

ಮರೆತರೆ ನಷ್ಟ ನಮ್ಮದೇ. ಅಂತರ ಕಾಲೇಜು ಪಂದ್ಯಕ್ಕೆ ಹೋಗಿ ರಾಜನನ್ನು ಕುದುರೆಯಂತೆ ನೆಗೆಸಿದರೆ ಅದು ನಿಯಮಬಾಹಿರ ನಡೆ. ಫಿಡೆಯ ನಿಯಮದಂತೆ ದೀರ್ಘ ಕಾಲಾವಧಿಯ ಪಂದ್ಯದಲ್ಲಿ ಮೊದಲನೆಯ ತಪ್ಪಿಗೆ ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರಿಸುತ್ತಾರೆ. ಎರಡನೆಯದಕ್ಕೆ ಸಾಮಾನ್ಯವಾಗಿ ಆಟವೇ ಸೋಲು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ಕಟ್ಟಳೆಯೂ ಅಲ್ಲಿ ಬಿಗಿ.

ಕಾಯಿ ಮುಟ್ಟುವ ಮುನ್ನ

ಆದ್ದರಿಂದ ನನ್ನ ಸೂಚನೆ ಸರಳ. ಮಣೆ ಹಾಸಿದ ಮೇಲೆ, ಮೊದಲ ಕಾಯಿ ಮುಟ್ಟುವ ಮುನ್ನ, ಇಬ್ಬರೂ ಏಳು ಪ್ರಶ್ನೆಗಳನ್ನು ಕೇಳಿಕೊಳ್ಳಲಿ:

೧. ರಾಜನೆದುರು ರಾಜನೋ, ಮಂತ್ರಿಯೋ?
೨. ಕಾಲಾಳಿಗೆ ಮೊದಲು ಒಂದು ಮನೆಯೋ, ಎರಡೋ? ಎರಡಾದರೆ ಎಲ್ಲ ಕಾಲಾಳುಗಳಿಗೂ ಉಂಟೋ?
೩. ಎರಡು ಮನೆ ಹೋದ ಕಾಲಾಳನ್ನು ಪಕ್ಕದಿಂದ ಹೊಡೆಯಬಹುದೋ?
೪. ಕ್ಯಾಸ್ಲಿಂಗೋ, ರಾಜನ ನೆಗೆತವೋ? ನೆಗೆತವಾದರೆ ನೆಗೆದು ಹೊಡೆಯಬಹುದೋ?
೫. ಬಡ್ತಿ ಇಷ್ಟ ಬಂದಂತೆಯೋ, ಸಾಲಿನಂತೆಯೋ? ಕಾಯಿ ಸತ್ತಿರಬೇಕೋ?
೬. ನಡೆಯಿಲ್ಲದೆ ಸಿಕ್ಕಿಕೊಂಡರೆ ತೀರ್ಪೇನು?
೭. ಒಂಟಿ ರಾಜ ಉಳಿದರೆ ತೀರ್ಪೇನು?

ಎರಡು ನಿಮಿಷದ ಕೆಲಸ. ಇದರಿಂದ ಎರಡು ಗಂಟೆಯ ಜಗಳ ತಪ್ಪುತ್ತದೆ. ವಿರಾಮದ ಕೊಠಡಿಯ ಕಾಯಿ ಡಬ್ಬಿಯ ಮುಚ್ಚಳದೊಳಗೆ ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಯಾರಾದರೂ ತಿದ್ದುವುದಿದ್ದರೆ ಸಂತೋಷ.

ಇನ್ನೊಂದು ಮಾತು. ಅಂತರರಾಷ್ಟ್ರೀಯ ನಿಯಮ ಎಲ್ಲಿಯೂ ಹೋಗುವುದಿಲ್ಲ, ಅದು ಅಚ್ಚಾಗಿದೆ. ನಮ್ಮ ಊರುಗಳ ನಿಯಮ ಇರುವುದು ಹಿರಿಯರ ನೆನಪಿನಲ್ಲಿ ಮಾತ್ರ. ಈ ರಜೆಯಲ್ಲಿ ಊರಿಗೆ ಹೋದವರು ಮನೆಯ ತಾತನನ್ನೋ ಬೀದಿಯ ಹಿರಿಯರನ್ನೋ ಕೂರಿಸಿಕೊಂಡು ಒಂದು ಆಟ ಆಡಿ, ಈ ಏಳು ಪ್ರಶ್ನೆಗಳಿಗೆ ಅವರ ಉತ್ತರವನ್ನು ಬರೆದು ತನ್ನಿ. ನಾಲ್ಕು ತಾಲ್ಲೂಕುಗಳಿಂದ ಬಂದ ಉತ್ತರಗಳನ್ನು ಒಟ್ಟಿಗೆ ಇಟ್ಟರೆ ಮುಂದಿನ ಸಂಚಿಕೆಗೆ ಇದಕ್ಕಿಂತ ಒಳ್ಳೆಯ ಲೇಖನವಾಗುತ್ತದೆ. ಕ್ರೀಡಾ ವಿಭಾಗದ ಅಧ್ಯಾಪಕರು ಮನಸ್ಸು ಮಾಡಿದರೆ ವಾರ್ಷಿಕ ಪಂದ್ಯದಲ್ಲಿ ಒಂದು ಮಣೆಯನ್ನಾದರೂ ನಾಡ ನಿಯಮಕ್ಕೆ ಮೀಸಲಿಡಬಹುದು. ಅಲ್ಲಿ ಮೊದಲು ಕೂರಲು ಮಾಗಡಿಯ ಕಡೆಯ ಆ ಗೆಳೆಯ ಈಗಾಗಲೇ ಒಪ್ಪಿದ್ದಾನೆ. ಎದುರಾಳಿಗಳು ತಮ್ಮ ಹೆಸರನ್ನು ಕೊಡಬಹುದು.